ಫೈರ್‌ವಾಲ್‌ನ ಫೈಲನ್ನು ಹೊರಗಿನವರು ಓದಿದ್ದರೆ ಮುಂದೇನು? ಓದುಗರ ಪ್ರಶ್ನೆ, ನಮ್ಮ ಉತ್ತರ

ಸಂಸ್ಥೆಯ ನೆಟ್‌ವರ್ಕನ್ನು ಇಂಟರ್ನೆಟ್‌ನಿಂದ ಕಾಯುವ ಫೈರ್‌ವಾಲ್‌ನಲ್ಲೋ ಅದನ್ನು ನಿರ್ವಹಿಸುವ ತಂತ್ರಾಂಶದಲ್ಲೋ ಇರುವ ದೋಷದಿಂದ ಒಳಗಿನ ಫೈಲುಗಳನ್ನು ಹೊರಗಿನವರು ಓದುವಂತಾಗುವುದು ಮತ್ತೆ ಮತ್ತೆ ನಡೆಯುತ್ತಿದೆ. ಈ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ‘ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕಿದ್ದೇವೆ, ಇನ್ನೇನು ಭಯವಿಲ್ಲ ಅಲ್ಲವೇ?’ ಎಂಬ ಧ್ವನಿ ಇದೆ. ಭಯ ಇದೆ. ಯಾಕೆ ಎಂಬುದನ್ನು ಬಿಡಿಸಿ ಹೇಳುವುದೇ ಈ ಸಂಚಿಕೆಯ ಉದ್ದೇಶ.

ಪ್ರಶ್ನೆ: ನಮ್ಮಲ್ಲಿ ಚೆಕ್ ಪಾಯಿಂಟ್ ಫೈರ್‌ವಾಲ್ ಇದೆ. 2024ರ ದೋಷದ ಬಗ್ಗೆ ಪ್ರಕಟಣೆಯಲ್ಲಿ ‘ಮಾಹಿತಿ ಬಹಿರಂಗ’ ಎಂದಷ್ಟೇ ಇತ್ತು. ಫೈಲ್ ತಿದ್ದಲು ಆಗದು, ಅಳಿಸಲು ಆಗದು, ಬರೀ ಓದಬಹುದು ಅಂದಮೇಲೆ ಇಷ್ಟು ಗಾಬರಿ ಯಾಕೆ?
– ಕಾಲೇಜೊಂದರ ಕಂಪ್ಯೂಟರ್ ವಿಭಾಗದ ಸಹಾಯಕರು, ದಾವಣಗೆರೆ

ಉತ್ತರ: ಏನನ್ನು ಓದಬಹುದು ಎಂಬುದರ ಮೇಲೆ ಅಪಾಯ ನಿಂತಿದೆ. ಫೈರ್‌ವಾಲ್ ತನ್ನ ಕೆಲಸ ಮಾಡಬೇಕಾದರೆ ಸಂಸ್ಥೆಯ ಗುಟ್ಟುಗಳನ್ನೆಲ್ಲ ತನ್ನಲ್ಲಿ ಇಟ್ಟುಕೊಂಡಿರಲೇಬೇಕು. ಅಡ್ಮಿನ್‌ಗಳ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಗುರುತು), ವಿಪಿಎನ್ (ಇಂಟರ್ನೆಟ್ ಮೂಲಕ ಒಳಗಿನ ನೆಟ್‌ವರ್ಕ್‌ಗೆ ಗೂಢ ಸಂಪರ್ಕ) ಬಳಕೆದಾರರ ಪಟ್ಟಿ, ಶಾಖೆಗಳ ನಡುವಿನ ವಿಪಿಎನ್‌ಗೆ ಬಳಸುವ ಪ್ರೀ-ಶೇರ್ಡ್ ಕೀ (ಎರಡೂ ತುದಿಗೆ ಗೊತ್ತಿರುವ ಗುಟ್ಟು ಪದ), ಸರ್ಟಿಫಿಕೇಟಿನ ಪ್ರೈವೇಟ್ ಕೀ, ಆಕ್ಟಿವ್ ಡೈರೆಕ್ಟರಿಯಲ್ಲಿ (ವಿಂಡೋಸ್ ನೆಟ್‌ವರ್ಕ್‌ನ ಖಾತೆಗಳ ಭಂಡಾರ) ಬಳಕೆದಾರರನ್ನು ಹುಡುಕಲು ಬೇಕಾದ ಎಲ್‌ಡ್ಯಾಪ್ ಖಾತೆಯ ಪಾಸ್‌ವರ್ಡ್, ಎಲ್ಲವೂ ಅಲ್ಲೇ ಇರುತ್ತವೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಒಳಗೆ ಬರುವವರು ಕೊಟ್ಟ ಪಾಸ್‌ವರ್ಡನ್ನು ಬರೀ ತಾಳೆ ನೋಡುವುದಾದರೆ ಹ್ಯಾಶ್ ಇಟ್ಟರೆ ಸಾಕು. ಹ್ಯಾಶ್‌ನಿಂದ ಮೂಲ ಪಾಸ್‌ವರ್ಡನ್ನು ನೇರವಾಗಿ ತೆಗೆಯಲಾಗದು, ಒಂದೊಂದೇ ಊಹಿಸಿ ನೋಡಬೇಕು. ಆದರೆ ಎಲ್‌ಡ್ಯಾಪ್ ಪಾಸ್‌ವರ್ಡ್, ಪ್ರೀ-ಶೇರ್ಡ್ ಕೀ, ರೇಡಿಯಸ್ (ಲಾಗಿನ್ ತಪಾಸಣೆಯ ಸರ್ವರ್) ಸೀಕ್ರೆಟ್ ಇವನ್ನು ಫೈರ್‌ವಾಲ್ ತಾನೇ ಇನ್ನೊಬ್ಬರ ಮುಂದೆ ಒಪ್ಪಿಸಬೇಕು. ಹಾಗಾಗಿ ಇವನ್ನು ಹ್ಯಾಶ್ ಮಾಡಲು ಬರುವುದಿಲ್ಲ, ಮತ್ತೆ ಬಿಡಿಸಬಹುದಾದ ರೂಪದಲ್ಲೇ ಇಡಬೇಕಾಗುತ್ತದೆ. ಬಿಡಿಸುವ ಕೀ ಅದೇ ಪೆಟ್ಟಿಗೆಯಲ್ಲಿದ್ದರೆ, ಅಥವಾ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕೀ ಇದ್ದರೆ, ಫೈಲ್ ಓದಿದವರು ಅದನ್ನೂ ಬಿಡಿಸುತ್ತಾರೆ. ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ ಫೈರ್‌ವಾಲ್‌ನ ಕಾನ್ಫಿಗರೇಶನ್ ಬ್ಯಾಕಪ್‌ನಲ್ಲಿ ಇದೇ ಕೊರತೆ ಸಿವಿಇ-2019-6693 ಎಂದು ದಾಖಲಾಗಿದೆ (ಸಿವಿಇ ಎಂದರೆ ದೋಷಗಳ ಜಾಗತಿಕ ಪಟ್ಟಿಯ ಕ್ರಮಸಂಖ್ಯೆ).

ನೀವು ಕೇಳಿದ ದೋಷದ ಸಂಖ್ಯೆ ಸಿವಿಇ-2024-24919, ತೀವ್ರತೆಯ ಅಂಕ ಹತ್ತಕ್ಕೆ 8.6. ರಿಮೋಟ್ ಆಕ್ಸೆಸ್ ವಿಪಿಎನ್ ಅಥವಾ ಮೊಬೈಲ್ ಆಕ್ಸೆಸ್ ಚಾಲೂ ಇದ್ದ ಗೇಟ್‌ವೇಗಳಲ್ಲಿ ಲಾಗಿನ್ ಆಗದೆಯೇ, ಇಂಟರ್ನೆಟ್‌ನಿಂದಲೇ ಫೈಲ್ ಓದಬಹುದಿತ್ತು. ಆ ವೆಬ್ ಸೇವೆ ರೂಟ್ ಅಧಿಕಾರದಲ್ಲಿ (ಯಾವ ತಡೆಯೂ ಇಲ್ಲದ ಬಳಕೆದಾರನಾಗಿ) ಓಡುತ್ತಿದ್ದುದರಿಂದ ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲ್ ಕೂಡ ಸಿಗುತ್ತಿತ್ತು. ಕಂಪನಿ 2024ರ ಮೇ 28ರಂದು ಹಾಟ್‌ಫಿಕ್ಸ್ (ತುರ್ತು ಪ್ಯಾಚ್) ಬಿಡುಗಡೆ ಮಾಡಿತು, ಆದರೆ ದಾಳಿ ಏಪ್ರಿಲ್‌ನಲ್ಲೇ ಶುರುವಾಗಿತ್ತು. ನಾರ್ವೆಯ ನೆಮೋನಿಕ್ ಸಂಸ್ಥೆ ಕಂಡ ಪ್ರಕರಣಗಳಲ್ಲಿ, ದಾಳಿಕೋರರು ಲೋಕಲ್ ಖಾತೆಯೊಂದರಿಂದ ಲಾಗಿನ್ ಆದ ಎರಡು-ಮೂರು ಗಂಟೆಗಳಲ್ಲೇ ಆಕ್ಟಿವ್ ಡೈರೆಕ್ಟರಿಯ ಡೇಟಾಬೇಸ್ ಫೈಲನ್ನು ಹೊರತೆಗೆದಿದ್ದರು. ಆ ಫೈಲಿನಲ್ಲಿ ಸಂಸ್ಥೆಯ ಪ್ರತಿಯೊಬ್ಬ ಬಳಕೆದಾರರ ಪಾಸ್‌ವರ್ಡ್ ಹ್ಯಾಶ್ ಇರುತ್ತದೆ. ‘ಬರೀ ಓದುವುದು’ ಇಷ್ಟು ದೂರ ಹೋಗುತ್ತದೆ.

ಎಲ್ಲ ಫೈಲ್-ಓದುವ ದೋಷಗಳೂ ಇಷ್ಟೇ ಕೆಟ್ಟವಲ್ಲ ಎಂಬುದನ್ನೂ ಹೇಳಬೇಕು. ಸಿಸ್ಕೊ ಎಎಸ್‌ಎ ಫೈರ್‌ವಾಲ್‌ಗಳಲ್ಲಿ 2020ರ ಜುಲೈನಲ್ಲಿ ಬೆಳಕಿಗೆ ಬಂದ ಸಿವಿಇ-2020-3452 ಕೂಡ ಇದೇ ಜಾತಿಯದು. ಆದರೆ ಅಲ್ಲಿ ಓದಲು ಸಿಗುತ್ತಿದ್ದುದು ವಿಪಿಎನ್ ವೆಬ್ ಸೇವೆಗೆ ಸೇರಿದ ಫೈಲುಗಳಷ್ಟೇ, ಆಪರೇಟಿಂಗ್ ಸಿಸ್ಟಮ್‌ನ ಫೈಲುಗಳಲ್ಲ. ಪ್ರಕಟಣೆ ಓದುವಾಗ ಮೂರು ಸಂಗತಿಗಳನ್ನು ಹುಡುಕಿ: ಲಾಗಿನ್ ಬೇಕೇ ಬೇಡವೇ, ಯಾವ ಅಧಿಕಾರದಲ್ಲಿ ಓದುತ್ತದೆ, ಯಾವ ಫೋಲ್ಡರ್‌ವರೆಗೆ ತಲುಪುತ್ತದೆ. ಅಂಕಕ್ಕಿಂತ ಈ ಮೂರು ಉತ್ತರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಪಾತ್ ಟ್ರಾವರ್ಸಲ್, ಅಂದರೆ ‘ಒಂದು ಫೋಲ್ಡರ್ ಮೇಲಕ್ಕೆ’ ಎಂಬ ಅರ್ಥದ ‘../’ ಬಳಸಿ ಅನುಮತಿಯಿಲ್ಲದ ಫೈಲನ್ನು ತಲುಪುವಂತಾಗುವುದು, ಬಹಳ ಹಳೆಯ ತಪ್ಪು, ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಭದ್ರತೆಯನ್ನೇ ಮಾರುವ ಕಂಪನಿಗಳು ಇದರಲ್ಲಿ ಎಡವುವುದು ಹೇಗೆ? ‘../’ ಅನ್ನು ತೆಗೆದುಹಾಕಿದರೆ ಸಾಲದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಾಲದು. ಎರಡು ನಿಜ ಉದಾಹರಣೆಗಳನ್ನು ನೋಡೋಣ, ಎರಡರಲ್ಲೂ ತಪಾಸಣೆ ಇತ್ತು, ತಪಾಸಣೆಯೇ ತಪ್ಪಾಗಿತ್ತು.

ಚೆಕ್ ಪಾಯಿಂಟ್‌ನ ಕೋಡ್ ಕೇಳಿದ ಫೈಲಿನ ಹೆಸರನ್ನು ಒಂದು ಅನುಮತಿ ಪಟ್ಟಿಯೊಂದಿಗೆ ಹೋಲಿಸುತ್ತಿತ್ತು. ಹೋಲಿಸಲು ಬಳಸಿದ್ದು ಸಿ ಭಾಷೆಯ ಸ್ಟ್ರ್‌ಸ್ಟ್ರ್ ಫಂಕ್ಷನ್. ಅದು ‘ಈ ಎರಡು ಪಠ್ಯ ಒಂದೇ ಆಗಿವೆಯೇ’ ಎಂದು ಕೇಳುವುದಿಲ್ಲ, ‘ಇದರೊಳಗೆ ಎಲ್ಲಾದರೂ ಅದು ಇದೆಯೇ’ ಎಂದು ಕೇಳುತ್ತದೆ. ಪಟ್ಟಿಯಲ್ಲಿ ಫೈಲಿನ ಹೆಸರುಗಳ ಜೊತೆಗೆ ಓರೆಗೆರೆಯಿಂದ ಮುಗಿಯುವ ಒಂದು ಫೋಲ್ಡರ್ ಹೆಸರೂ ಸೇರಿತ್ತು. ಆ ಫೋಲ್ಡರ್ ಹೆಸರನ್ನು ಬರೆದು ಅದರ ಮುಂದೆ ಮೇಲಕ್ಕೆ ಹತ್ತುವ ಚುಕ್ಕಿಗಳನ್ನು ಪೋಣಿಸಿದರೆ ತಪಾಸಣೆ ಪಾಸಾಗುತ್ತಿತ್ತು, ಫೈಲ್ ಮಾತ್ರ ಬೇರೆಯೇ ಜಾಗದಿಂದ ತೆರೆಯುತ್ತಿತ್ತು. ಅರ್ಜಿಯಲ್ಲಿ ಎಲ್ಲೋ ಒಂದು ಕಡೆ ಸಾಹೇಬರ ಹೆಸರು ಕಂಡರೆ ಸಾಕು, ಉಳಿದದ್ದನ್ನು ಓದದೆ ಒಳಗೆ ಬಿಡುವ ಕಾವಲುಗಾರನ ಹಾಗೆ.

ಫೋರ್ಟಿನೆಟ್‌ನ ಸಿವಿಇ-2018-13379 ಇನ್ನೂ ಸೂಕ್ಷ್ಮವಾದದ್ದು. ತೈವಾನಿನ ಸಂಶೋಧಕರಾದ ಆರೆಂಜ್ ತ್ಸಾಯ್ ಮತ್ತು ಮೆ ಚಾಂಗ್ ಇದನ್ನು ಕಂಡುಹಿಡಿದರು. ಎಸ್‌ಎಸ್‌ಎಲ್ ವಿಪಿಎನ್ ಪುಟದ ಭಾಷೆ ಯಾವುದು ಎಂದು ತಿಳಿಸುವ ಜಾಗದಲ್ಲಿ ಬಂದ ಪದಕ್ಕೆ ಕೋಡ್ ತಾನೇ ಆರಂಭದಲ್ಲಿ ಫೋಲ್ಡರ್ ಹೆಸರನ್ನೂ ಕೊನೆಯಲ್ಲಿ ‘ಡಾಟ್ ಜೇಸನ್’ ಎಂಬ ಬಾಲವನ್ನೂ ಸೇರಿಸುತ್ತಿತ್ತು. ಬಾಲ ಇರುವ ತನಕ ಬೇರೆ ಬಗೆಯ ಫೈಲ್ ತೆರೆಯದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸೇರಿಸಿದ ಪಠ್ಯಕ್ಕೆ ಮೀಸಲಿಟ್ಟ ಜಾಗ ಸೀಮಿತ. ಬೇಕೆಂದೇ ಉದ್ದದ ಹೆಸರು ಕೊಟ್ಟರೆ ಜಾಗ ತುಂಬಿ ಬಾಲ ಕತ್ತರಿಸಿ ಹೋಗುತ್ತಿತ್ತು. ಉದ್ದವನ್ನು ಮಿತಿಗೊಳಿಸುವ ಸುರಕ್ಷಿತ ಫಂಕ್ಷನ್ ಬಳಸಿದ್ದರಿಂದ ಮೆಮೊರಿ ಕೆಡಲಿಲ್ಲ ನಿಜ. ಕತ್ತರಿಸಿದ ಪಠ್ಯ ಬೇರೆಯೇ ಅರ್ಥ ಕೊಡಬಹುದು ಎಂಬುದನ್ನು ಯಾರೂ ನೋಡಲಿಲ್ಲ. ಹೀಗೆ ಓದಲು ಸಿಕ್ಕ ಸೆಷನ್ ಫೈಲಿನಲ್ಲಿ ವಿಪಿಎನ್ ಬಳಕೆದಾರರ ಹೆಸರೂ ಪಾಸ್‌ವರ್ಡೂ ಮುಚ್ಚುಮರೆಯಿಲ್ಲದ ಅಕ್ಷರಗಳಲ್ಲೇ ಇದ್ದವು.

ಇನ್ನು ‘../’ ತೆಗೆಯುವ ವಿಚಾರ. ಅದನ್ನು ಒಮ್ಮೆ ಮಾತ್ರ ತೆಗೆದರೆ, ಒಂದರೊಳಗೊಂದು ಹುದುಗಿಸಿಟ್ಟ ‘....//’ ಎಂಬುದರಿಂದ ಮತ್ತೆ ‘../’ ಹುಟ್ಟುತ್ತದೆ. ಚುಕ್ಕಿಯನ್ನು ಶೇಕಡಾ ಚಿಹ್ನೆ ಮತ್ತು 2ಇ ಎಂದೂ ಓರೆಗೆರೆಯನ್ನು 2ಎಫ್ ಎಂದೂ ಬರೆದರೆ ಹುಡುಕಾಟಕ್ಕೆ ಸಿಗುವುದಿಲ್ಲ, ಮುಂದೆ ಡಿಕೋಡ್ ಆಗುವಾಗ ನಿಜರೂಪಕ್ಕೆ ಬರುತ್ತದೆ. ಫೈರ್‌ವಾಲ್‌ನ ನಿರ್ವಹಣಾ ಪುಟಗಳಲ್ಲಿ ಮುಂದೊಂದು, ಹಿಂದೊಂದು ವೆಬ್ ಸರ್ವರ್ ಇರುವುದು ಸಾಮಾನ್ಯ. ಮುಂದಿನದು ಒಮ್ಮೆ, ಹಿಂದಿನದು ಇನ್ನೊಮ್ಮೆ ಡಿಕೋಡ್ ಮಾಡಿದರೆ ಇಬ್ಬರ ನಡುವೆ ದಾರಿ ತೆರೆದುಕೊಳ್ಳುತ್ತದೆ.

ಸರಿಯಾದ ಕ್ರಮ ಇದು. ಮೊದಲು ಪೂರ್ತಿ ಡಿಕೋಡ್ ಮಾಡಿ. ಆಮೇಲೆ ಆಪರೇಟಿಂಗ್ ಸಿಸ್ಟಮ್‌ನಿಂದಲೇ ನಿಜವಾದ ಪೂರ್ಣ ದಾರಿ ಯಾವುದು ಎಂದು ಕೇಳಿ ಪಡೆಯಿರಿ. ಲಿನಕ್ಸ್‌ನಲ್ಲಿ ರಿಯಲ್‌ಪಾತ್ ಅದನ್ನು ಕೊಡುತ್ತದೆ, ಸಿಂಬಾಲಿಕ್ ಲಿಂಕ್‌ಗಳನ್ನೂ (ಬೇರೆ ಫೈಲಿನತ್ತ ಕೈತೋರಿಸುವ ಕೊಂಡಿಗಳು) ಬಿಡಿಸುತ್ತದೆ. ಆ ದಾರಿ ನಿಮ್ಮ ಅನುಮತಿಯ ಫೋಲ್ಡರ್‌ನಿಂದಲೇ ಆರಂಭವಾಗುತ್ತದೆಯೇ ನೋಡಿ. ಹೋಲಿಸುವಾಗ ಫೋಲ್ಡರ್ ಹೆಸರಿನ ಕೊನೆಯ ಓರೆಗೆರೆಯನ್ನೂ ಸೇರಿಸಿಕೊಳ್ಳಿ. ಇಲ್ಲವಾದರೆ ‘/ಡೇಟಾ’ಗೆ ಕೊಟ್ಟ ಅನುಮತಿ ‘/ಡೇಟಾ-ಹಳೆಯದು’ ಎಂಬುದಕ್ಕೂ ಸಲ್ಲುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ಬಳಕೆದಾರರಿಂದ ಫೈಲಿನ ಹೆಸರನ್ನೇ ತೆಗೆದುಕೊಳ್ಳದಿರುವುದು. 1 ಎಂದರೆ ಈ ಫೈಲ್, 2 ಎಂದರೆ ಆ ಫೈಲ್ ಎಂದು ಕೋಡ್‌ನೊಳಗೇ ಪಟ್ಟಿ ಇಟ್ಟರೆ ಚುಕ್ಕಿ-ಗೆರೆಗಳ ಪ್ರಶ್ನೆಯೇ ಬರುವುದಿಲ್ಲ. ಜೊತೆಗೆ ಆ ವೆಬ್ ಸೇವೆಯನ್ನು ರೂಟ್ ಅಲ್ಲದ, ಕೈಲಾಗದ ಬಳಕೆದಾರನ ಹೆಸರಲ್ಲಿ ಓಡಿಸಬೇಕು. ತಪಾಸಣೆ ತಪ್ಪಿದರೂ ಶ್ಯಾಡೋ ಫೈಲ್ ಆಗ ತೆರೆಯುವುದಿಲ್ಲ.

ಪ್ರಶ್ನೆ: ಪ್ರಕಟಣೆ ಬಂದ ಎರಡನೆಯ ದಿನವೇ ಪ್ಯಾಚ್ ಹಾಕಿ, ಫೈರ್‌ವಾಲ್ ಮರುಚಾಲನೆ ಮಾಡಿದೆವು. ಲೆಕ್ಕಪರಿಶೋಧಕರಿಗೆ ಆವೃತ್ತಿಯ ಚಿತ್ರವನ್ನೂ ಕಳಿಸಿದ್ದೇವೆ. ಇನ್ನು ಮಾಡಬೇಕಾದದ್ದು ಏನಾದರೂ ಇದೆಯೇ?
– ಸಹಕಾರಿ ಬ್ಯಾಂಕಿನ ತಾಂತ್ರಿಕ ಅಧಿಕಾರಿ, ಶಿವಮೊಗ್ಗ

ಉತ್ತರ: ಇದೆ, ಮುಖ್ಯ ಕೆಲಸವೇ ಬಾಕಿ ಇದೆ. ಪ್ಯಾಚ್ ಮುಂದೆ ಓದುವುದನ್ನು ತಡೆಯುತ್ತದೆ. ಆಗಲೇ ಓದಿಕೊಂಡು ಹೋದದ್ದನ್ನು ವಾಪಸ್ ತರುವುದಿಲ್ಲ.

ಇದಕ್ಕೆ ದೊಡ್ಡ ಪಾಠ ಫೋರ್ಟಿನೆಟ್‌ನದೇ. ಮೇಲೆ ಹೇಳಿದ ದೋಷಕ್ಕೆ ಕಂಪನಿ 2019ರ ಮೇ 24ರಂದೇ ಪ್ರಕಟಣೆ ಹೊರಡಿಸಿತ್ತು; 5.4.13, 5.6.8, 6.0.5 ಆವೃತ್ತಿಗಳಲ್ಲಿ ಅದು ಸರಿಯಾಗಿತ್ತು. ಅದಾಗಿ ಎರಡು ವರ್ಷಕ್ಕೂ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ, ಸುಮಾರು 87,000 ಫೋರ್ಟಿಗೇಟ್ ಸಾಧನಗಳ ವಿಪಿಎನ್ ಹೆಸರು-ಪಾಸ್‌ವರ್ಡ್‌ಗಳು ಬಯಲಾದವು. ಪ್ಯಾಚ್ ಹಾಕುವ ಮೊದಲು ಓದಿಟ್ಟುಕೊಂಡ ಪಾಸ್‌ವರ್ಡ್ ಅವು. ಆಮೇಲೆ ಪ್ಯಾಚ್ ಹಾಕಿದ್ದರೂ ಪಾಸ್‌ವರ್ಡ್ ಬದಲಿಸದಿದ್ದರೆ ಅಪಾಯ ಹಾಗೇ ಇದೆ ಎಂದು ಕಂಪನಿಯೇ ಎಚ್ಚರಿಸಬೇಕಾಯಿತು.

ಕೆಲಸದ ಅನುಕ್ರಮ ಬಹಳ ಮುಖ್ಯ. ಪ್ಯಾಚ್‌ಗೆ ಮೊದಲೇ ಪಾಸ್‌ವರ್ಡ್ ಬದಲಿಸಿದ್ದರೆ ಹೊಸದನ್ನೂ ಓದಿರಬಹುದು. ಹಾಗಿದ್ದರೆ ಮತ್ತೊಮ್ಮೆ ಬದಲಿಸಿ. ಮೊದಲು ಈಗ ಚಾಲ್ತಿಯಲ್ಲಿರುವ ವಿಪಿಎನ್ ಮತ್ತು ಅಡ್ಮಿನ್ ಸೆಷನ್‌ಗಳನ್ನೆಲ್ಲ ಕಡಿದುಹಾಕಿ. ಸೆಷನ್ ಟೋಕನ್ (ಲಾಗಿನ್ ಆದವರಿಗೆ ಸಿಗುವ ಗುರುತು) ಕದ್ದವರಿಗೆ ಪಾಸ್‌ವರ್ಡ್ ಬೇಕಾಗುವುದಿಲ್ಲ. ನಂತರ ಫೈರ್‌ವಾಲ್‌ನ ಎಲ್ಲ ಲೋಕಲ್ ಅಡ್ಮಿನ್ ಪಾಸ್‌ವರ್ಡ್‌ಗಳು. ಕಮಾಂಡ್ ಲೈನ್‌ನ ಪರಿಣತ ಹಂತಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಇದ್ದರೆ ಅದೂ. ಹ್ಯಾಶ್‌ನ ಆರಂಭ ನೋಡಿ: ಎರಡು ಡಾಲರ್ ಚಿಹ್ನೆಗಳ ನಡುವೆ 1 ಇದ್ದರೆ ಎಂಡಿ5, 6 ಇದ್ದರೆ ಎಸ್‌ಎಚ್‌ಎ-512. ಎಂಡಿ5 ಬಗೆಯದನ್ನು ಊಹಿಸಿ ಮುರಿಯುವುದು ಎಷ್ಟೋ ಪಾಲು ವೇಗ. ಸೆಟ್ಟಿಂಗ್‌ನಲ್ಲಿ ಹ್ಯಾಶ್ ಬಗೆ ಬದಲಿಸಿದ ಮಾತ್ರಕ್ಕೆ ಹಳೆಯ ಹ್ಯಾಶ್ ಬದಲಾಗುವುದಿಲ್ಲ, ಪಾಸ್‌ವರ್ಡನ್ನೇ ಹೊಸದಾಗಿ ಇಡಬೇಕು.

ಎಲ್‌ಡ್ಯಾಪ್ ಖಾತೆಯಲ್ಲಿ ಹೆಚ್ಚಿನವರು ಕೈಸುಟ್ಟುಕೊಳ್ಳುತ್ತಾರೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಬದಲಿಸಿ ಫೈರ್‌ವಾಲ್‌ನಲ್ಲಿ ಬದಲಿಸುವಷ್ಟರಲ್ಲಿ, ಫೈರ್‌ವಾಲ್ ಹಳೆಯದನ್ನೇ ಮತ್ತೆ ಮತ್ತೆ ಪ್ರಯತ್ನಿಸಿ ಖಾತೆ ಲಾಕ್ ಆಗುತ್ತದೆ, ಎಲ್ಲರ ವಿಪಿಎನ್ ಲಾಗಿನ್ ನಿಲ್ಲುತ್ತದೆ. ಗಾಬರಿಯಲ್ಲಿ ಹಳೆಯ ಪಾಸ್‌ವರ್ಡನ್ನೇ ಮರಳಿಸುತ್ತಾರೆ. ಇದರ ಬದಲು ಹೊಸ ಹೆಸರಿನ ಎರಡನೆಯ ಸೇವಾ ಖಾತೆಯನ್ನೇ ಸೃಷ್ಟಿಸಿ. ಅದಕ್ಕೆ ಓದುವ ಹಕ್ಕು ಸಾಕು; ಇಡೀ ನೆಟ್‌ವರ್ಕ್‌ನ ಮೇಲೆ ಅಧಿಕಾರವಿರುವ ಡೊಮೇನ್ ಅಡ್ಮಿನ್ ಗುಂಪಿಗೆ ಯಾವ ಕಾರಣಕ್ಕೂ ಸೇರಿಸಬೇಡಿ. ‘ಆಗ ಕೆಲಸ ಮಾಡಲಿಲ್ಲ, ಅದಕ್ಕೆ ಅಡ್ಮಿನ್ ಮಾಡಿದೆವು’ ಎಂಬ ಒಂದೇ ಹೆಜ್ಜೆಯಿಂದ ಫೈರ್‌ವಾಲ್‌ನ ದೋಷ ಇಡೀ ಸಂಸ್ಥೆಯ ದೋಷವಾಗುತ್ತದೆ. ಫೈರ್‌ವಾಲ್‌ಗೆ ಹೊಸ ಖಾತೆ ಕೊಟ್ಟು, ಒಬ್ಬರಿಂದ ವಿಪಿಎನ್ ಲಾಗಿನ್ ಮಾಡಿಸಿ ನೋಡಿ, ಆಮೇಲೆ ಹಳೆಯ ಖಾತೆಯನ್ನು ನಿಷ್ಕ್ರಿಯಗೊಳಿಸಿ. ಅಳಿಸಬೇಡಿ. ಮುಂದೆ ಡೊಮೇನ್ ಕಂಟ್ರೋಲರ್‌ನ (ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್) ಲಾಗ್‌ನಲ್ಲಿ 4625, 4768, 4776 ಸಂಖ್ಯೆಯ ಘಟನೆಗಳಲ್ಲಿ ಆ ಹಳೆಯ ಹೆಸರಿನ ವಿಫಲ ಯತ್ನ ಕಂಡರೆ, ನಿಮ್ಮ ಗುಟ್ಟು ಯಾರ ಬಳಿಯೋ ಇರಬಹುದು ಎಂದು ಅನುಮಾನಿಸಿ. ಮರೆತುಹೋದ ಯಾವುದೋ ಸ್ಕ್ರಿಪ್ಟ್ ಅಥವಾ ಪ್ರಿಂಟರ್ ಅದೇ ಖಾತೆ ಬಳಸುತ್ತಿಲ್ಲ ಎಂಬುದನ್ನು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ.

ಶಾಖೆಗಳ ಪ್ರೀ-ಶೇರ್ಡ್ ಕೀಯನ್ನು ಎರಡೂ ತುದಿಯಲ್ಲಿ ಒಟ್ಟಿಗೆ ಬದಲಿಸಬೇಕು. ಬ್ಯಾಂಕಿನ ವ್ಯವಹಾರ ಮುಗಿದ ಮೇಲೆ ಒಂದೊಂದೇ ಶಾಖೆಯನ್ನು ಹಿಡಿಯಿರಿ. ಪ್ರತಿ ಶಾಖೆಗೂ ಬೇರೆ ಬೇರೆ ಕೀ ಇರಲಿ. 32 ಅಕ್ಷರಗಳ ಯಾದೃಚ್ಛಿಕ ಪಠ್ಯ ಇಡಿ, ಬ್ಯಾಂಕಿನ ಹೆಸರಿಗೆ ಇಸವಿ ಸೇರಿಸಿದ್ದು ಬೇಡ. ಬದಲಿಸಿದ ಮೇಲೆ ವಿಪಿಎನ್ ಸುರಂಗವನ್ನು (ಶಾಖೆಗಳ ನಡುವಿನ ಸಂಪರ್ಕ) ಕೈಯಾರೆ ಕೆಡವಿ ಮತ್ತೆ ಎಬ್ಬಿಸಿ. ಹಳೆಯ ಒಪ್ಪಂದದ ಅವಧಿ ಮುಗಿಯುವವರೆಗೆ ಸುರಂಗ ನಡೆಯುತ್ತಲೇ ಇರುವುದರಿಂದ, ಒಂದು ತುದಿಯಲ್ಲಿ ತಪ್ಪು ಟೈಪ್ ಆಗಿದ್ದರೂ ಆಗ ಗೊತ್ತಾಗದು. ಎಂಟು ಗಂಟೆ, ಇಪ್ಪತ್ನಾಲ್ಕು ಗಂಟೆಯ ಮೇಲೆ ಕೌಂಟರ್‌ನಲ್ಲಿ ಜನ ನಿಂತಿರುವಾಗ ಸಂಪರ್ಕ ಬಿದ್ದುಹೋಗುತ್ತದೆ.

ಸರ್ಟಿಫಿಕೇಟ್‌ನಲ್ಲಿ ‘ರಿನ್ಯೂ’ ಒತ್ತಿದರೆ ಎಷ್ಟೋ ಕಡೆ ಹಳೆಯ ಪ್ರೈವೇಟ್ ಕೀಗೇ ಹೊಸ ದಿನಾಂಕ ಬೀಳುತ್ತದೆ. ಹೊಸ ಕೀ ಜೋಡಿ ಸೃಷ್ಟಿಸಿ, ಹೊಸ ಅರ್ಜಿ ಕಳಿಸಿ ಸರ್ಟಿಫಿಕೇಟ್ ಪಡೆದು, ಹಳೆಯದನ್ನು ರದ್ದುಪಡಿಸಿ. ಎಚ್‌ಟಿಟಿಪಿಎಸ್ ಇನ್‌ಸ್ಪೆಕ್ಷನ್ (ಗೂಢಲಿಪಿಯ ವೆಬ್ ಸಂಚಾರವನ್ನು ಬಿಡಿಸಿ ತಪಾಸಿಸುವುದು) ಮಾಡುತ್ತಿದ್ದರೆ ಅದರ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಕೀ ಎಲ್ಲಕ್ಕಿಂತ ಅಪಾಯಕಾರಿ. ಅದು ಕೈಗೆ ಸಿಕ್ಕವರು ಯಾವ ಜಾಲತಾಣದ ಹೆಸರಿನಲ್ಲಾದರೂ ನಕಲಿ ಸರ್ಟಿಫಿಕೇಟ್ ಮಾಡಬಹುದು, ನಿಮ್ಮ ಕಂಪ್ಯೂಟರ್‌ಗಳೆಲ್ಲ ಅದನ್ನು ನಂಬುತ್ತವೆ. ಮೊದಲು ಹೊಸ ಸಿಎಯನ್ನು ಗ್ರೂಪ್ ಪಾಲಿಸಿ ಮೂಲಕ ಎಲ್ಲ ಕಂಪ್ಯೂಟರ್‌ಗಳಿಗೂ ಕಳಿಸಿ, ಆಮೇಲೆ ಫೈರ್‌ವಾಲ್‌ನಲ್ಲಿ ಬದಲಿಸಿ, ಕೊನೆಗೆ ಹಳೆಯ ಸಿಎಯನ್ನು ಕಂಪ್ಯೂಟರ್‌ಗಳ ನಂಬಿಕೆಯ ಪಟ್ಟಿಯಿಂದ ತೆಗೆಯಿರಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ಅದನ್ನು ಬಿಟ್ಟರೆ ಮೊದಲಿನ ಎರಡೂ ವ್ಯರ್ಥ.

ಉಳಿದವು ಸಣ್ಣ ಕೆಲಸ, ಮರೆಯುವುದೂ ಸುಲಭ: ರೇಡಿಯಸ್ ಸೀಕ್ರೆಟ್, ಎಸ್‌ಎನ್‌ಎಂಪಿ ಕಮ್ಯೂನಿಟಿ ಹೆಸರು (ಸಾಧನಗಳ ಮೇಲೆ ನಿಗಾ ಇಡಲು ಬಳಸುವ ಗುಟ್ಟು ಪದ), ಇಮೇಲ್ ಕಳಿಸಲು ಕೊಟ್ಟ ಪಾಸ್‌ವರ್ಡ್, ಎಪಿಐ ಕೀಗಳು, ಎಸ್‌ಎಸ್‌ಎಚ್ ಕೀಗಳು. ಒಟಿಪಿಯ ಮೂಲ ಸೀಕ್ರೆಟ್ ಫೈರ್‌ವಾಲ್‌ನಲ್ಲೇ ಇದ್ದರೆ ಎಲ್ಲರ ಮೊಬೈಲ್ ಆ್ಯಪ್‌ನಲ್ಲೂ ಹೊಸದಾಗಿ ನೋಂದಣಿ ಆಗಬೇಕು. ಬರೀ ಪಾಸ್‌ವರ್ಡ್‌ನಿಂದ ವಿಪಿಎನ್‌ಗೆ ಬರುವ ಲೋಕಲ್ ಖಾತೆಗಳನ್ನು ಮುಚ್ಚಿ. ಯಾವತ್ತೋ ಪರೀಕ್ಷೆಗೆಂದು ಮಾಡಿ ಮರೆತ ಖಾತೆಗಳೇ ದಾಳಿಕೋರರಿಗೆ ಮೊದಲು ಬೇಕಾಗುವುದು.

ಪ್ರಶ್ನೆ: ನಮ್ಮ ಫೈರ್‌ವಾಲ್‌ನ ಫೈಲ್ ಯಾರಾದರೂ ಓದಿದ್ದಾರೆಯೇ ಎಂದು ಲಾಗ್‌ನಲ್ಲಿ ಪತ್ತೆಮಾಡುವುದು ಹೇಗೆ?
– ಸಿಸ್ಟಮ್ ಅಡ್ಮಿನ್, ಹುಬ್ಬಳ್ಳಿ

ಉತ್ತರ: ‘ಓದಿದ್ದಾರೆ’ ಎಂದು ಲಾಗ್ ಹೇಳಬಹುದು. ‘ಓದಿಲ್ಲ’ ಎಂದು ಹೇಳುವ ಲಾಗ್ ಸಿಗುವುದು ಕಷ್ಟ.

ವೆಬ್ ಲಾಗ್‌ನಲ್ಲಿ ಚುಕ್ಕಿ-ಚುಕ್ಕಿ-ಓರೆಗೆರೆ, ಅದರ ಶೇಕಡಾ ಚಿಹ್ನೆಯ ರೂಪ, ಒಂದೇ ಸಾಲಿನಲ್ಲಿ ಅಸಹಜವಾಗಿ ಸಾಲುಗಟ್ಟಿದ ಓರೆಗೆರೆಗಳು, ಇವನ್ನು ಹುಡುಕಿ. ಉತ್ತರದ ಸ್ಥಿತಿ ಸಂಖ್ಯೆ 200 ಆಗಿದ್ದು ಕಳಿಸಿದ ಬೈಟ್‌ಗಳ ಪ್ರಮಾಣ ಮಾಮೂಲಿಗಿಂತ ಬೇರೆಯಾಗಿದ್ದರೆ ಓದು ಯಶಸ್ವಿಯಾಗಿದೆ ಎಂದೇ ಊಹಿಸಿ. 404 ಅಥವಾ 403 ಇದ್ದರೆ ಯಾರೋ ಕದ ತಟ್ಟಿದ್ದಾರೆ, ಒಳಗೆ ಬಂದಿಲ್ಲ. ಆದರೆ ಚೆಕ್ ಪಾಯಿಂಟ್ ಪ್ರಕರಣದಲ್ಲಿ ಫೈಲಿನ ದಾರಿ ಬರುತ್ತಿದ್ದುದು ಪೋಸ್ಟ್ ಕೋರಿಕೆಯ (ಸರ್ವರ್‌ಗೆ ಮಾಹಿತಿ ಕಳಿಸುವ ಬಗೆ) ಒಡಲಲ್ಲಿ. ಸಾಮಾನ್ಯ ವೆಬ್ ಲಾಗ್ ವಿಳಾಸವನ್ನು ಬರೆದುಕೊಳ್ಳುತ್ತದೆ, ಒಡಲನ್ನಲ್ಲ. ಹಾಗಾಗಿ ಅಲ್ಲಿ ಚುಕ್ಕಿಗಳು ಕಾಣದಿದ್ದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ.

ನೇರ ಕುರುಹು ಸಿಗದಿದ್ದಾಗ ಪರಿಣಾಮವನ್ನು ಹುಡುಕಬೇಕು. ಪರಿಚಯವಿಲ್ಲದ ದೇಶದಿಂದ, ಬಾಡಿಗೆ ಸರ್ವರ್‌ಗಳ ಐಪಿಯಿಂದ ವಿಪಿಎನ್ ಲಾಗಿನ್ ಆಗಿದೆಯೇ? ತಿಂಗಳುಗಟ್ಟಲೆ ಬಳಸದ ಖಾತೆ ಏಕಾಏಕಿ ಎದ್ದಿದೆಯೇ? ಫೈರ್‌ವಾಲ್‌ನ ಸ್ವಂತ ಐಪಿಯಿಂದ ಡೊಮೇನ್ ಕಂಟ್ರೋಲರ್‌ಗೆ ಎಲ್‌ಡ್ಯಾಪ್ ಬಿಟ್ಟು ಬೇರೆ ಸಂಪರ್ಕ ಹೋಗಿದೆಯೇ? ಹುಡುಕಾಟವನ್ನು ಪ್ರಕಟಣೆಯ ದಿನಾಂಕದಿಂದ ಅಲ್ಲ, ಅದಕ್ಕೂ ಕನಿಷ್ಠ ಎರಡು ತಿಂಗಳು ಹಿಂದಿನಿಂದ ಶುರುಮಾಡಿ.

ಮರುಚಾಲನೆಗೆ ಮೊದಲೇ ಲಾಗ್‌ಗಳನ್ನು ಹೊರತೆಗೆದು ಬೇರೆ ಕಡೆ ಇಡಿ. ಸಣ್ಣ ಮಾದರಿಗಳಲ್ಲಿ ಲಾಗ್ ಮೆಮೊರಿಯಲ್ಲೇ ಇರುತ್ತದೆ, ಪ್ಯಾಚ್ ಹಾಕಿ ಮರುಚಾಲನೆ ಮಾಡಿದ ಕ್ಷಣಕ್ಕೆ ಸಾಕ್ಷಿ ಹೋಗುತ್ತದೆ. ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂದು ಸೈಬರ್ ದಾಳಿಗಳನ್ನು ನಿಭಾಯಿಸುವ ಭಾರತದ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಹೇಳಿದೆ. ಫೈರ್‌ವಾಲ್‌ನೊಳಗೇ ಅಷ್ಟು ದಿನ ಇಡಲಾಗದು, ಲಾಗ್‌ಗಳನ್ನು ಸಂಗ್ರಹಿಸುವ ಒಂದು ಸಿಸ್‌ಲಾಗ್ ಸರ್ವರ್ ಬೇಕೇ ಬೇಕು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಆರ್‌ಸಿಸ್‌ಲಾಗ್ ಓಡಿಸಿದರೂ ಆಗುತ್ತದೆ. ಎಲ್ಲ ಸಾಧನಗಳ ಗಡಿಯಾರ ಎನ್‌ಟಿಪಿಯಿಂದ (ಸಮಯ ಹೊಂದಿಸುವ ಸೇವೆ) ಒಂದೇ ಸಮಯ ತೋರಿಸಲಿ. ಫೈರ್‌ವಾಲ್ ಯುಟಿಸಿಯಲ್ಲಿ (ಜಾಗತಿಕ ಸಮಯ), ವಿಂಡೋಸ್ ಭಾರತೀಯ ಕಾಲದಲ್ಲಿ ಬರೆದರೆ ಐದೂವರೆ ಗಂಟೆಯ ಅಂತರದಲ್ಲಿ ಎರಡು ಘಟನೆಗಳ ಸಂಬಂಧವೇ ಕಾಣದೆ ಹೋಗುತ್ತದೆ.

ಪ್ರಶ್ನೆ: ಫೈರ್‌ವಾಲ್ ಹಾಕಿಕೊಟ್ಟವರು ದೂರದ ಊರಿನವರು. ತೊಂದರೆಯಾದಾಗ ಅಲ್ಲಿಂದಲೇ ನೋಡಲು ಅನುಕೂಲ ಎಂದು ಅದರ ಲಾಗಿನ್ ಪುಟವನ್ನು ಇಂಟರ್ನೆಟ್‌ಗೆ ತೆರೆದಿಟ್ಟಿದ್ದಾರೆ. ಪೋರ್ಟ್ ಬದಲಿಸಿದ್ದೇವೆ, ಪಾಸ್‌ವರ್ಡ್ ಗಟ್ಟಿ ಇದೆ, ಏನೂ ಆಗದು ಎನ್ನುತ್ತಾರೆ. ಸರಿಯೇ?
– ಗಾರ್ಮೆಂಟ್ ಘಟಕದ ಮಾಲೀಕರು, ತುಮಕೂರು

ಉತ್ತರ: ಸರಿಯಲ್ಲ. ದಯವಿಟ್ಟು ಇಂದೇ ಮುಚ್ಚಿಸಿ. ಇಂಥ ದೋಷ ಬಳಸುವವರು ಪಾಸ್‌ವರ್ಡನ್ನು ಕೇಳುವುದೇ ಇಲ್ಲ. ಬದಲಿಸಿದ ಪೋರ್ಟನ್ನು ಇಂಟರ್ನೆಟ್ ಪೂರ್ತಿ ಜಾಲಾಡುವ ಸ್ಕ್ಯಾನರ್‌ಗಳು ಪತ್ತೆಮಾಡಿಯೇ ಮಾಡುತ್ತವೆ.

2025ರ ಫೆಬ್ರುವರಿ 12ರಂದು ಪಾಲೊ ಆಲ್ಟೊ ಕಂಪನಿ ತನ್ನ ಫೈರ್‌ವಾಲ್‌ನ ನಿರ್ವಹಣಾ ಪುಟದಲ್ಲಿದ್ದ ಫೈಲ್-ಓದುವ ದೋಷವನ್ನು ಪ್ರಕಟಿಸಿತು: ಸಿವಿಇ-2025-0111. ಅದಕ್ಕೆ ಲಾಗಿನ್ ಬೇಕಿತ್ತು, ಓದಲು ಸಿಗುವುದೂ ‘ನೋಬಡಿ’ ಎಂಬ ಅಧಿಕಾರವಿಲ್ಲದ ಬಳಕೆದಾರನಿಗೆ ಕಾಣುವ ಫೈಲುಗಳಷ್ಟೇ. ಬಿಡಿಯಾಗಿ ನೋಡಿದರೆ ಸಾಧಾರಣ ದೋಷ. ಆದರೆ ಅದೇ ದಿನ ಪ್ರಕಟವಾದ ಸಿವಿಇ-2025-0108 ಲಾಗಿನ್ ಇಲ್ಲದೆ ಒಳಗೆ ಬಿಡುವಂಥದ್ದು, 2024ರ ಸಿವಿಇ-2024-9474 ರೂಟ್ ಅಧಿಕಾರ ಕೊಡುವಂಥದ್ದು. ಮೂರನ್ನೂ ಜೋಡಿಸಿದ ದಾಳಿಗಳು ಕೆಲವೇ ದಿನಗಳಲ್ಲಿ ಕಂಡುಬಂದವು. ನಿರ್ವಹಣಾ ಪುಟ ಹೊರಗಿನಿಂದ ತಲುಪದಂತಿದ್ದ ಕಡೆ ಹೊರಗಿನವರಿಗೆ ಆ ದಾರಿಯೇ ಇರಲಿಲ್ಲ.

ಮುಚ್ಚುವುದು ಹೀಗೆ. ಫೋರ್ಟಿಗೇಟ್ ಆದರೆ ನೆಟ್‌ವರ್ಕ್ ಮೆನುವಿನ ಇಂಟರ್‌ಫೇಸಸ್‌ನಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟ್ ತೆರೆದು ಅಡ್ಮಿನಿಸ್ಟ್ರೇಟಿವ್ ಆಕ್ಸೆಸ್‌ನಲ್ಲಿ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎಸ್‌ಎಸ್‌ಎಚ್ ಗುರುತು ತೆಗೆಯಿರಿ. ಟ್ರಸ್ಟೆಡ್ ಹೋಸ್ಟ್ (ಲಾಗಿನ್‌ಗೆ ಅನುಮತಿ ಇರುವ ಐಪಿ) ಹಾಕಿದ್ದೇವಲ್ಲ ಎನ್ನುವವರು ಗಮನಿಸಿ, ಒಂದೇ ಒಂದು ಅಡ್ಮಿನ್ ಖಾತೆಗೆ ಟ್ರಸ್ಟೆಡ್ ಹೋಸ್ಟ್ ಇಲ್ಲದಿದ್ದರೂ ಲಾಗಿನ್ ಪುಟ ಲೋಕಕ್ಕೆಲ್ಲ ಕಾಣುತ್ತದೆ. ಪಾಲೊ ಆಲ್ಟೊದಲ್ಲಿ ಮ್ಯಾನೇಜ್‌ಮೆಂಟ್ ಪೋರ್ಟಿನ ಅನುಮತಿ ಐಪಿ ಪಟ್ಟಿಯನ್ನು ತುಂಬಿಸಿದರೆ ಸಾಲದು, ಹೊರಗಿನ ಇಂಟರ್‌ಫೇಸ್‌ಗೆ ಅಂಟಿಸಿದ ಮ್ಯಾನೇಜ್‌ಮೆಂಟ್ ಪ್ರೊಫೈಲನ್ನೂ ನೋಡಿ. ಅದರ ವಿಪಿಎನ್ ಆದ ಗ್ಲೋಬಲ್‌ಪ್ರೊಟೆಕ್ಟ್ ಇರುವ ಇಂಟರ್‌ಫೇಸ್‌ನಲ್ಲಿ ನಿರ್ವಹಣಾ ಪುಟ 4443ನೇ ಪೋರ್ಟಿಗೆ ಸರಿದಿರುತ್ತದೆ. ಸಿಸ್ಕೊ ಎಎಸ್‌ಎ ಕಾನ್ಫಿಗರೇಶನ್‌ನಲ್ಲಿ ಎಚ್‌ಟಿಟಿಪಿ ಪದದ ಮುಂದೆ 0.0.0.0 ಎರಡು ಸಲ, ಕೊನೆಗೆ ಔಟ್‌ಸೈಡ್ ಎಂಬ ಸಾಲಿದ್ದರೆ ಅದು ಹೋಗಬೇಕು. ಮುಗಿಸಿದ ಮೇಲೆ ಮೊಬೈಲ್‌ನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ನಿಮ್ಮ ಪಬ್ಲಿಕ್ ಐಪಿಯನ್ನು ಬ್ರೌಸರಿನಲ್ಲಿ ಪೋರ್ಟ್ ಸಂಖ್ಯೆ ಸಮೇತ ತೆರೆದು ನೋಡಿ. ಕಚೇರಿಯೊಳಗಿಂದ ನೋಡಿದ್ದು ಪರೀಕ್ಷೆಯಾಗುವುದಿಲ್ಲ.

ಫೈರ್‌ವಾಲ್ ಹಾಕಿದವರು ವಿಪಿಎನ್ ಮೂಲಕ, ಒಟಿಪಿ ಸಹಿತ, ಅವರದೇ ಹೆಸರಿನ ಖಾತೆಯಿಂದ ಬರಲಿ. ಹಾಗೆ ಮಾಡಿದರೂ ಒಂದು ಮಿತಿ ಇದೆ. ಚೆಕ್ ಪಾಯಿಂಟ್ ಮತ್ತು ಫೋರ್ಟಿನೆಟ್‌ನ ದೋಷಗಳಿದ್ದುದು ವಿಪಿಎನ್ ಪುಟದಲ್ಲೇ. ಅದನ್ನು ಹೊರಗೆ ತೆರೆಯದೆ ಅಂಥ ವಿಪಿಎನ್ ನಡೆಯದು. ಆದ್ದರಿಂದ ಪ್ಯಾಚ್‌ನ ಕೆಲಸವೂ ಅವರ ವಾರ್ಷಿಕ ಒಪ್ಪಂದದಲ್ಲಿ ಬರಹದಲ್ಲೇ ಇರಲಿ: ದಾಳಿ ನಡೆಯುತ್ತಿರುವ ದೋಷಕ್ಕೆ 48 ಗಂಟೆಯೊಳಗೆ, ಉಳಿದವಕ್ಕೆ ತಿಂಗಳೊಳಗೆ ಎಂದು ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಹಲವು ಫೈರ್‌ವಾಲ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಸರ್ವರ್ ನಮ್ಮಲ್ಲಿದೆ. ಅದು ಒಳಗಿನ ನೆಟ್‌ವರ್ಕ್‌ನಲ್ಲಷ್ಟೇ ಇದೆ. ಅದಕ್ಕೂ ಇಷ್ಟೇ ತುರ್ತು ಬೇಕೇ?
– ನೆಟ್‌ವರ್ಕ್ ಎಂಜಿನಿಯರ್, ಬೆಂಗಳೂರು

ಉತ್ತರ: ಬೇಕು. ಒಂದು ಫೈರ್‌ವಾಲ್‌ನಲ್ಲಿ ಒಂದರ ಗುಟ್ಟು, ನಿರ್ವಹಣಾ ಸರ್ವರ್‌ನಲ್ಲಿ ಎಲ್ಲದರ ಗುಟ್ಟು. ಸಿಸ್ಕೊ ಸೆಕ್ಯುರಿಟಿ ಮ್ಯಾನೇಜರ್‌ನಲ್ಲಿ 2020ರ ನವೆಂಬರ್‌ನಲ್ಲಿ ಪ್ರಕಟವಾದ ಸಿವಿಇ-2020-27130ಕ್ಕೆ 9.1 ಅಂಕ ಬಂದದ್ದು ಸುಮ್ಮನೆ ಅಲ್ಲ: 4.21 ಮತ್ತು ಹಿಂದಿನ ಆವೃತ್ತಿಗಳಲ್ಲಿ ಲಾಗಿನ್ ಇಲ್ಲದೆ ಪಾತ್ ಟ್ರಾವರ್ಸಲ್ ಸಾಧ್ಯವಿತ್ತು, 4.22ರಲ್ಲಿ ಸರಿಯಾಯಿತು. ಒಳಗಿನ ಒಂದು ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ತಗುಲಿದರೆ ನಿಮ್ಮ ಸರ್ವರ್‌ಗೆ ‘ಹೊರಗಿನವರು’ ಒಳಗೇ ಬಂದಂತೆ. ಆ ಸರ್ವರನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿಟ್ಟು (ನೆಟ್‌ವರ್ಕ್‌ನ ಬೇರ್ಪಡಿಸಿದ ಭಾಗ), ಅಡ್ಮಿನ್‌ಗಳು ಹಾದುಹೋಗಲೇಬೇಕಾದ ಒಂದು ಜಂಪ್ ಸರ್ವರ್‌ನಿಂದ ಮಾತ್ರ ತಲುಪುವಂತೆ ಮಾಡಿ. ಅದು ರಾತ್ರಿ ತೆಗೆಯುವ ಕಾನ್ಫಿಗರೇಶನ್ ಬ್ಯಾಕಪ್‌ಗಳು ಎಲ್ಲಿ ಹೋಗಿ ಬೀಳುತ್ತವೆ ಎಂಬುದನ್ನೂ ಹುಡುಕಿ. ಎಲ್ಲರಿಗೂ ತೆರೆದ ಹಂಚಿಕೆ ಫೋಲ್ಡರ್‌ನಲ್ಲಿದ್ದರೆ ಅಲ್ಲಿ ಫೈಲ್ ಓದಲು ಯಾವ ದೋಷವೂ ಬೇಕಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಫೈರ್‌ವಾಲ್ ಹಳೆಯ ಆವೃತ್ತಿಯದು ಎಂದು ಗೊತ್ತಾಗಿದೆ. ದೋಷ ಇದೆಯೇ ಎಂದು ನಾನೇ ಪರೀಕ್ಷಿಸಬಹುದೇ?
– ಬಿಸಿಎ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಲಿಖಿತ ಅನುಮತಿ ಇಲ್ಲದೆ ಬೇಡ. ಉದ್ದೇಶ ಒಳ್ಳೆಯದಾದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅಡಿ ಅದು ಅನಧಿಕೃತ ಪ್ರವೇಶವಾಗಬಹುದು. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದ್ದೆಂದು ಕಂಡರೆ 66ನೇ ಕಲಂ ಅಡಿ ಶಿಕ್ಷೆ ಮೂರು ವರ್ಷದವರೆಗಿನ ಜೈಲು, ಅಥವಾ 5 ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಒಂದು ಫೈಲ್ ಓದಿ ನೋಡಿದರೂ ಅದು ಓದಿದ್ದೇ. ಪರೀಕ್ಷೆಯ ಅಗತ್ಯವೂ ಇಲ್ಲ, ಆವೃತ್ತಿ ಸಂಖ್ಯೆಯೇ ಸಾಕಷ್ಟು ಸಾಕ್ಷಿ. ಆವೃತ್ತಿ, ಸಿವಿಇ ಸಂಖ್ಯೆ, ಸರಿಯಾದ ಆವೃತ್ತಿ ಯಾವುದು ಎಂಬ ಮೂರು ಸಾಲು ಬರೆದು ಪ್ರಾಂಶುಪಾಲರಿಗೂ ಕಂಪ್ಯೂಟರ್ ವಿಭಾಗಕ್ಕೂ ಕೊಡಿ. ಹೊಸದೇ ದೋಷ ಕಂಡುಹಿಡಿದಿದ್ದರೆ ಕಂಪನಿಗೆ ಅಥವಾ ಸರ್ಟ್-ಇನ್‌ಗೆ ತಿಳಿಸಬಹುದು. ಸಿವಿಇ ಸಂಖ್ಯೆ ಕೊಡುವ ಅಧಿಕಾರ ಸರ್ಟ್-ಇನ್‌ಗೂ ಇದೆ. ಕಲಿಯುವ ಆಸೆ ಇದ್ದರೆ ಮನೆಯ ಕಂಪ್ಯೂಟರಿನ ವರ್ಚುವಲ್ ಯಂತ್ರದಲ್ಲಿ ಬೇಕೆಂದೇ ದೋಷ ಇಟ್ಟ ಸಣ್ಣ ವೆಬ್ ಸರ್ವರ್ ಬರೆದು, ಒಡೆದು, ಆಮೇಲೆ ಮೈಸೂರಿನ ಓದುಗರಿಗೆ ಹೇಳಿದ ಕ್ರಮದಲ್ಲಿ ಸರಿಪಡಿಸಿ.

ಪ್ರಶ್ನೆ: ದಾಳಿ ಆಗಿದೆ ಎಂದು ಖಚಿತವಾದರೆ ಯಾರಿಗೆ, ಎಷ್ಟರೊಳಗೆ ತಿಳಿಸಬೇಕು?
– ಖಾಸಗಿ ಆಸ್ಪತ್ರೆಯ ಐಟಿ ವ್ಯವಸ್ಥಾಪಕರು, ಮಂಗಳೂರು

ಉತ್ತರ: ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ. ಮೇಲೆ ಹೇಳಿದ 2022ರ ನಿರ್ದೇಶನವೇ ಇದಕ್ಕೂ ಆಧಾರ; ಅದು ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆ ಹೊತ್ತಿಗೆ ಪೂರ್ತಿ ವಿವರ ಗೊತ್ತಿರಬೇಕೆಂದಿಲ್ಲ. ಯಾವ ಸಾಧನ, ಯಾವ ಆವೃತ್ತಿ, ಯಾವಾಗ ಕಂಡಿತು, ಯಾವ ಐಪಿಯಿಂದ ಬಂತು, ಈಗ ಏನು ಮಾಡಿದ್ದೀರಿ ಎಂಬಷ್ಟನ್ನು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಿ. ಬ್ಯಾಂಕ್ ಆದರೆ ರಿಸರ್ವ್ ಬ್ಯಾಂಕಿಗೂ ಪ್ರತ್ಯೇಕವಾಗಿ ತಿಳಿಸಬೇಕು. ಶಿವಮೊಗ್ಗದವರು ಇದನ್ನು ಗಮನಿಸಲಿ.

ಆಕ್ಟಿವ್ ಡೈರೆಕ್ಟರಿಯ ಡೇಟಾಬೇಸ್ ಹೊರಹೋಗಿದೆ ಎಂಬ ಅನುಮಾನ ಬಂದರೆ ಬಳಕೆದಾರರ ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಲಾಗಿನ್ ಆದವರಿಗೆ ಕೊಡುವ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಕೆಆರ್‌ಬಿಟಿಜಿಟಿ ಎಂಬ ಒಳಗಿನ ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ಏಕೆಂದರೆ ಆ ಖಾತೆ ಹಿಂದಿನ ಒಂದು ಪಾಸ್‌ವರ್ಡನ್ನೂ ಮಾನ್ಯ ಮಾಡುತ್ತಿರುತ್ತದೆ. ಎರಡರ ನಡುವೆ ಕನಿಷ್ಠ 10 ಗಂಟೆ ಬಿಡಿ. ಟಿಕೆಟ್‌ನ ಮಾಮೂಲಿ ಅವಧಿ ಅಷ್ಟು. ಆ ಅಂತರದಲ್ಲಿ ಎಲ್ಲ ಡೊಮೇನ್ ಕಂಟ್ರೋಲರ್‌ಗಳಿಗೂ ಮೊದಲ ಬದಲಾವಣೆ ತಲುಪಿದೆಯೇ ನೋಡಿಕೊಳ್ಳಿ. ಒಂದರ ಹಿಂದೆ ಒಂದು ತಕ್ಷಣ ಬದಲಿಸಿದರೆ ಚಾಲ್ತಿಯಲ್ಲಿರುವ ಟಿಕೆಟ್‌ಗಳೆಲ್ಲ ಒಮ್ಮೆಲೇ ಅಮಾನ್ಯವಾಗಿ ಸರ್ವರ್‌ಗಳ ನಡುವಿನ ಸೇವೆಗಳು ನಿಲ್ಲುತ್ತವೆ. ಆಸ್ಪತ್ರೆಯಲ್ಲಿ ಇದನ್ನು ಹೊರರೋಗಿ ವಿಭಾಗದ ವೇಳೆ ಮುಗಿದ ಮೇಲೆ, ಪ್ರಯೋಗಾಲಯ ಮತ್ತು ಔಷಧ ವಿಭಾಗಕ್ಕೆ ಮೊದಲೇ ತಿಳಿಸಿ ಮಾಡಿ.